ರೋಬೋ ಆಗಿ ನಿಲ್ಲದ, ಕಾರ್ ಆಗಿ ಮುಚ್ಚದ ಆಟಿಕೆಗೆ ಏನು ಮಾಡಬೇಕು?

ಕಲಬುರಗಿಯ ಸೂಪರ್ ಮಾರ್ಕೆಟ್ ಆಗಲಿ, ಶರಣಬಸವೇಶ್ವರ ಜಾತ್ರೆಯ ಅಂಗಡಿ ಸಾಲಾಗಲಿ, ಡಬ್ಬಿ ಮೇಲಿನ ಚಿತ್ರ ನೋಡಿ ದುಡ್ಡು ಕೊಡಬೇಡಿ. ಅಲ್ಲೇ ಬಿಚ್ಚಿಸಿ, ಕಾರನ್ನು ರೋಬೋ ಮಾಡಿ, ಮತ್ತೆ ಕಾರು ಮಾಡಿ ನೋಡಿ. ಬಿಚ್ಚಲ್ಲ ಅಂದ್ರೆ ಮುಂದಿನ ಅಂಗಡಿ ಇದೆಯಲ್ಲ. 2021ರ ಜನವರಿಯಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ, ಅದನ್ನೂ ನೋಡಿ. ಆದರೆ ಅದು ಮಕ್ಕಳ ಸುರಕ್ಷತೆಗೆ ಇರೋದು, ರೋಬೋ ನೆಟ್ಟಗೆ ನಿಲ್ಲುತ್ತದೆ ಅನ್ನೋದಕ್ಕಲ್ಲ.

ಆಗಲೇ ಮನೆಗೆ ಬಂದುಬಿಟ್ಟಿದ್ದರೆ?

ಮೊದಲು ಬಿಗಿ ಕೀಲು. ಒತ್ತಿ ತಿರುಗಿಸಲೇಬೇಡಿ. ಕೀಲಿನ ಹತ್ತಿರ ಪ್ಲಾಸ್ಟಿಕ್ ಮೇಲೆ ಬಿಳಿ ಗೆರೆ ಮೂಡಿದರೆ ಅದು ಮುರಿಯುವ ಸೂಚನೆ, ಅಲ್ಲಿಗೇ ನಿಲ್ಲಿಸಿ. ಅಲ್ಲಿ ಸ್ಕ್ರೂ ಇದ್ದರೆ ಅರ್ಧ ಸುತ್ತು ಸಡಿಲ ಮಾಡಿ. ಇಲ್ಲದಿದ್ದರೆ ಅಚ್ಚಿನಿಂದ ಉಳಿದ ತೆಳು ಅಂಚು ಎಲ್ಲಾದರೂ ತಾಗುತ್ತಿದೆಯಾ ನೋಡಿ, ಬ್ಲೇಡಿನಿಂದ ಹೆರೆಯಿರಿ. ಇದು ದೊಡ್ಡವರ ಕೆಲಸ.

ಸಡಿಲ ಕೀಲಿನ ಕಾಟ ಇನ್ನೂ ಜಾಸ್ತಿ. ಕೈ ಎತ್ತಿದರೆ ಜೋತು ಬೀಳುತ್ತೆ, ತಿರುಗಿಸಿದರೆ ಕಳಚಿ ಕೈಗೇ ಬರುತ್ತೆ. ಗುಂಡು ಕೀಲಾದರೆ, ಅಂದ್ರೆ ಗುಂಡಗಿನ ತುದಿ ಗುಳಿಯೊಳಗೆ ಕೂತು ತಿರುಗುವಂಥದ್ದಾದರೆ, ಕಳಚಿ, ಆ ಗುಂಡನೆ ತುದಿಗೆ ಬಣ್ಣವಿಲ್ಲದ ನೇಲ್ ಪಾಲಿಶ್ ತೆಳ್ಳಗೆ ಹಚ್ಚಿ, ರಾತ್ರಿಯಿಡೀ ಒಣಗಲು ಬಿಟ್ಟು ಬೆಳಿಗ್ಗೆ ಕೂಡಿಸಿ. ಸಾಲದಿದ್ದರೆ ಇನ್ನೊಂದು ಕೋಟ್. ಫೆವಿಕ್ವಿಕ್ ಮಾತ್ರ ಬೇಡ, ಸ್ವಲ್ಪ ಯಾಮಾರಿದರೂ ಕೀಲು ಖಾಯಂ ಅಂಟಿಕೊಳ್ಳುತ್ತೆ, ಸುತ್ತ ಪ್ಲಾಸ್ಟಿಕ್ಕೂ ಬೆಳ್ಳಗಾಗುತ್ತೆ.

ರೋಬೋ ಕೈಯ ಮೆತ್ತನೆ ಪ್ಲಾಸ್ಟಿಕ್ ಕತ್ತಿ ಸೊಟ್ಟಗಾದರೆ ಅದನ್ನು ಬಿಸಿನೀರಲ್ಲಿ ಅದ್ದಿ, ನೇರ ಮಾಡಿ, ಕೂಡಲೇ ತಣ್ಣೀರಿಗೆ ಹಾಕಿ. ಬ್ಯಾಟರಿ ಇರುವ ಭಾಗಕ್ಕೆ ಈ ಉಪಾಯ ಬೇಡ. ನಮ್ಮ ಮೇ ತಿಂಗಳ ಬಿಸಿಲಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟರೆ ಕತ್ತಿ ಮತ್ತೆ ಬಾಗುತ್ತೆ.

ಡಿಸೈನೇ ಕೆಟ್ಟದಿದ್ದರೆ ಪಾಲಿಶ್ ಏನು ಮಾಡೀತು? ನಮ್ಮನೆಯ ನೀಲಿ ಟ್ರಕ್ಕಿನ ಇಡೀ ಮೂತಿ ರೋಬೋದ ಬೆನ್ನ ಮೇಲೆ ಬಂದು ಕೂರುತ್ತೆ, ಪಾದ ನೋಡಿದರೆ ಬೆರಳಷ್ಟೇ, ಹಿಮ್ಮಡಿ ಅಂತೂ ಇಲ್ಲವೇ ಇಲ್ಲ, ಹಿಂದಕ್ಕೆ ಬೀಳದೆ ಇನ್ನೇನು ಮಾಡುತ್ತೆ ಪಾಪ. ಇಂಥದ್ದಕ್ಕೆ ಸೊಂಟ ತುಸು ಮುಂದಕ್ಕೆ ಬಗ್ಗಿಸಿ, ಒಂದು ಕಾಲು ಹಿಂದಿಡಿ. ನಿಲ್ಲುತ್ತೆ, ಟೇಬಲ್ ಅಲುಗಾಡದಿದ್ದರೆ.

ಪಿನ್ ಕೂರುವ ತೂತೇ ಸೀಳಿದ್ದರೆ ರಿಪೇರಿಗೆ ಸುಮ್ನೆ ಒದ್ದಾಡಬೇಡಿ. ಚೂಪು ಅಂಚನ್ನು ಪಾಲಿಶ್ ಪೇಪರಿನಲ್ಲಿ ಉಜ್ಜಿ, ಕಾರಿನ ರೂಪದಲ್ಲೇ ಟೇಪು ಸುತ್ತಿ ಹುಡುಗರಿಗೆ ಕೊಡಿ. ಚಕ್ರ ತಿರುಗಿದರೆ ಅವರಿಗೆ ಸಾಕು.