ಮೊದಲು ಬಾಯಿಗೆ, ಆಮೇಲೆ ಸೂಜಿ

ಲಸಿಕೆ ಹಾಕುವ ಕೆಲಸಕ್ಕೆ ಸೇರಿದ ಮೊದಲ ತಿಂಗಳುಗಳಲ್ಲಿ ನಾನು ತೊಡೆಯ ಸೂಜಿಗಳನ್ನೆಲ್ಲ ಮುಗಿಸಿ, ಶಿಶುಗಳಲ್ಲಿ ತೀವ್ರ ಭೇದಿ ತರುವ ರೋಟಾವೈರಸ್ ವಿರುದ್ಧ ಬಾಯಿಗೆ ಹಾಕುವ ಲಸಿಕೆಯ ಹನಿಯನ್ನು ಕೊನೆಗೆ ಉಳಿಸಿಕೊಳ್ಳುತ್ತಿದ್ದೆ. ಅಳುವ ಮಗುವಿನ ಬಾಯಿ ಹೇಗೂ ತೆರೆದೇ ಇರುತ್ತದೆ, ಹನಿ ಹಾಕುವುದು ಸುಲಭ ಎಂಬುದು ನನ್ನ ಲೆಕ್ಕಾಚಾರವಾಗಿತ್ತು. ಆದರೆ ಅಳುವ ಮಗು ನುಂಗುವುದಿಲ್ಲ. ಅದು ಕೆಮ್ಮುತ್ತದೆ, ಉಗುಳುತ್ತದೆ, ಲಸಿಕೆಯ ಅರ್ಧ ಪಾಲು ಗಲ್ಲದಿಂದ ಇಳಿದು ಬಟ್ಟೆ ಸೇರುತ್ತದೆ. ಇದನ್ನು ಕೆಲವು ದಿನ ಗಮನಿಸಿದ ಹಿರಿಯ ಸಹೋದ್ಯೋಗಿಯೊಬ್ಬರು "ಮೊದಲು ಬಾಯಿಗೆ, ಆಮೇಲೆ ಸೂಜಿ" ಎಂದಷ್ಟೇ ಹೇಳಿ ಹೋದರು. ಅಂದಿನಿಂದ ಆ ಕ್ರಮವನ್ನು ನಾನು ಬದಲಿಸಿಲ್ಲ. ಈ ಲಸಿಕೆಗಳಲ್ಲಿ ಹಲವು ಸಿಹಿಯಾಗಿರುವುದರಿಂದ, ನಾಲಿಗೆಯ ಮೇಲೆ ಉಳಿದ ಆ ಸಿಹಿ ಮುಂದಿನ ಸೂಜಿಯ ನೋವನ್ನೂ ತುಸು ಮರೆಸುತ್ತದೆ.

ಮಗುವನ್ನು ತಾಯಿಯ ಅಥವಾ ತಂದೆಯ ತೊಡೆಯ ಮೇಲೆ, ತಲೆ ತುಸು ಹಿಂದಕ್ಕೆ ಬಾಗುವಂತೆ ಒರಗಿಸಿ ಕೂರಿಸುತ್ತೇನೆ. ಹನಿಯನ್ನು ಗಂಟಲಿಗೆ ನೇರವಾಗಿ ಸುರಿಯದೆ ಕೆನ್ನೆಯ ಒಳಬದಿಗೆ ಸ್ವಲ್ಪ ಸ್ವಲ್ಪವಾಗಿ ಬಿಟ್ಟು, ಮಗು ನುಂಗಿದ್ದನ್ನು ಕಂಡ ಮೇಲೆಯೇ ಉಳಿದದ್ದನ್ನು ಹಾಕುತ್ತೇನೆ. ಕೆಲವು ತಯಾರಿಕೆಗಳಲ್ಲಿ ಒಂದು ಡೋಸ್ ಎಂದರೆ ಐದೇ ಹನಿ, ಕೆಲವದರಲ್ಲಿ ಒಂದೆರಡು ಮಿಲಿಲೀಟರ್. ಪ್ರಮಾಣ ಹೆಚ್ಚಿದಷ್ಟೂ ತಾಳ್ಮೆ ಹೆಚ್ಚು ಬೇಕು. ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಕೆಲವು ಕಂಪನಿಗಳ ಲಸಿಕೆ ಸಿರಿಂಜಿನಂಥ ಕೊಳವೆಯಲ್ಲೇ ಬರುತ್ತದೆ, ಅವಸರದಲ್ಲಿ ಅದನ್ನು ಚುಚ್ಚುಮದ್ದೆಂದು ತಿಳಿದು ಚುಚ್ಚಿದ ಪ್ರಕರಣಗಳು ವರದಿಯಾಗಿವೆ. ಆದ್ದರಿಂದ ಬಾಯಿಯ ಲಸಿಕೆಯನ್ನು ಸೂಜಿಗಳಿರುವ ತಟ್ಟೆಯಲ್ಲಿ ನಾನು ಎಂದೂ ಇಡುವುದಿಲ್ಲ.

ಹಾಕುವ ಮೊದಲು ನಾನು ಕೇಳುವ ಪ್ರಶ್ನೆಗಳು ಕೆಲವೇ: ಮಗುವಿನ ವಯಸ್ಸು ಎಷ್ಟು ವಾರ, ಹಿಂದೆ ಕರುಳಿನ ತೊಂದರೆ ಏನಾದರೂ ಆಗಿತ್ತೇ, ರೋಗನಿರೋಧಕ ಶಕ್ತಿಯ ತೀವ್ರ ಕೊರತೆ ಇದೆಯೆಂದು ವೈದ್ಯರು ಹೇಳಿದ್ದಾರೆಯೇ. ವಯಸ್ಸನ್ನು ಇಷ್ಟು ಒತ್ತಿ ಕೇಳುವುದಕ್ಕೆ ಹಿನ್ನೆಲೆಯಿದೆ. ಅಮೆರಿಕದಲ್ಲಿ 1998ರಲ್ಲಿ ಬಂದ ಮೊದಲ ರೋಟಾವೈರಸ್ ಲಸಿಕೆಯನ್ನು ಮರುವರ್ಷವೇ ಹಿಂಪಡೆಯಬೇಕಾಯಿತು. ಕರುಳಿನ ಒಂದು ಭಾಗ ಪಕ್ಕದ ಭಾಗದೊಳಗೆ ತೂರಿಕೊಳ್ಳುವ ಅಪರೂಪದ ತೊಂದರೆ ಅದರಿಂದ ಹೆಚ್ಚುತ್ತಿರುವುದು ಕಂಡುಬಂದಿತ್ತು. 2006ರಿಂದ ಬಂದ ಲಸಿಕೆಗಳಲ್ಲಿ ಆ ಅಪಾಯ ಬಹಳ ಕಡಿಮೆ, ಆದರೂ ಪೂರ್ತಿ ಇಲ್ಲವೆನ್ನಲಾಗದು. ಲಸಿಕೆ ಇಲ್ಲದೆಯೂ ಈ ತೊಂದರೆ ಹೆಚ್ಚಾಗಿ ಕಾಣಿಸಿಕೊಳ್ಳುವುದು ನಾಲ್ಕೈದು ತಿಂಗಳು ದಾಟಿದ ಶಿಶುಗಳಲ್ಲಿ. ಆದಕಾರಣ ಮೊದಲ ಡೋಸನ್ನು 6 ವಾರ ತುಂಬುತ್ತಿದ್ದಂತೆ ಹಾಕಿಸುವುದು ಒಳ್ಳೆಯದು. ಮಗು ಬಿಟ್ಟುಬಿಟ್ಟು ಕಾಲು ಮಡಚಿಕೊಂಡು ಚೀರಿದರೆ, ಮತ್ತೆ ಮತ್ತೆ ವಾಂತಿಯಾದರೆ, ಮಲದಲ್ಲಿ ರಕ್ತ ಕಂಡರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಹೋಗಿ ಎಂದು ಪ್ರತಿಯೊಬ್ಬರಿಗೂ ಹೇಳುತ್ತೇನೆ. ಹೀಗೆ ಹೇಳಿದರೆ ಹೆತ್ತವರು ಹೆದರಿ ಲಸಿಕೆ ಬಿಡುತ್ತಾರೆಂಬ ಮಾತಿದೆ. ನನ್ನ ಅನುಭವದಲ್ಲಿ ಅವರು ಹೆದರಿದ್ದಕ್ಕಿಂತ ನಂಬಿದ್ದೇ ಹೆಚ್ಚು.

ನಾನು ಮಾತಿನಲ್ಲಿ ಎಡವಿದ್ದು ಬೇರೆಡೆ. "ಈ ಹನಿ ಹಾಕಿದರೆ ಭೇದಿ ಬರುವುದಿಲ್ಲ" ಎಂದು ನಾನು ಸಲೀಸಾಗಿ ಹೇಳುತ್ತಿದ್ದೆ. ಮೂರೂ ಡೋಸ್ ಮುಗಿಸಿದ್ದ ಒಂದು ಮಗುವಿಗೆ ಕೆಲವು ತಿಂಗಳ ನಂತರ ಭೇದಿಯಾದಾಗ ಅದರ ತಾಯಿ ಲಸಿಕೆ ಕಾರ್ಡನ್ನು ನನ್ನ ಮುಂದೆ ಇಟ್ಟು, "ನೀವೇ ಹೇಳಿದ್ದಿರಲ್ಲ ಸಿಸ್ಟರ್?" ಎಂದರು. ಉತ್ತರ ನನ್ನ ಬಳಿ ಇತ್ತು, ಆದರೆ ತಡವಾಗಿತ್ತು. ಶಿಶುಗಳ ಭೇದಿಗೆ ಬೇರೆ ವೈರಸ್‌ಗಳೂ ಬ್ಯಾಕ್ಟೀರಿಯಾಗಳೂ ಕಾರಣವಾಗುತ್ತವೆ, ಅವನ್ನು ಈ ಲಸಿಕೆ ತಡೆಯುವುದಿಲ್ಲ; ರೋಟಾವೈರಸ್ ಸೋಂಕನ್ನೂ ಅದು ಪೂರ್ತಿ ತಡೆಯುವುದಕ್ಕಿಂತ, ಮಗು ನೀರಿನಂಶ ಕಳೆದುಕೊಂಡು ಡ್ರಿಪ್ ಹಾಕಿಸಿಕೊಳ್ಳುವ ಸ್ಥಿತಿಗೆ ಹೋಗದಂತೆ ಕಾಪಾಡುವುದೇ ಹೆಚ್ಚು. ಈಗ ಮೊದಲ ದಿನವೇ ಇದನ್ನು ಹೇಳಿ, ಭೇದಿಯಾದರೆ ಎದೆಹಾಲು ನಿಲ್ಲಿಸಬಾರದು, ಓಆರ್‌ಎಸ್ ಕುಡಿಸಬೇಕು ಎಂಬುದನ್ನೂ ಸೇರಿಸುತ್ತೇನೆ.

ಎದೆಹಾಲಿನ ಬಗ್ಗೆ ಇನ್ನೊಂದು ಪ್ರಶ್ನೆ ನಿತ್ಯ ಬರುತ್ತದೆ: ಹನಿ ಹಾಕಿದ ಮೇಲೆ ಎಷ್ಟು ಹೊತ್ತು ಹಾಲು ಕೊಡಬಾರದು? ಕಾಯಬೇಕಾಗಿಯೇ ಇಲ್ಲ, ಮೊದಲೂ ಕೊಡಬಹುದು, ಕೂಡಲೇ ಕೊಡಬಹುದು. ಲಸಿಕೆಯಲ್ಲಿರುವ ದುರ್ಬಲಗೊಳಿಸಿದ ವೈರಸ್ ಕೆಲವು ದಿನ ಮಗುವಿನ ಮಲದಲ್ಲಿ ಹೊರಬರುತ್ತದೆ. ಆದ್ದರಿಂದ ಬಟ್ಟೆ ಬದಲಿಸಿದ ಪ್ರತಿ ಸಲವೂ ಸೋಪಿನಿಂದ ಕೈ ತೊಳೆಯಲು ಹೇಳಿ, ಮುಂದಿನ ಡೋಸಿನ ದಿನಾಂಕವನ್ನು ಕಾರ್ಡಿನಲ್ಲಿ ದೊಡ್ಡದಾಗಿ ಬರೆದುಕೊಡುತ್ತೇನೆ.