ಚೀನಾಕ್ಕೆ ಓದಲು ಹೋಗುವವರೇ, ಹೆಸರಿನ ಫೋಟೊ ಇಟ್ಕೊಳ್ಳಿ
ಚೀನಾದಲ್ಲಿ ಬ್ಯಾಂಕ್ ಖಾತೆ ತೆರೆದ ದಿನ, ಕೌಂಟರ್ ಬಿಡುವ ಮೊದಲೇ, ನಿಮ್ಮ ಹೆಸರನ್ನು ಹೇಗೆ ನಮೂದಿಸಿದ್ದಾರೆ ಎಂದು ಕೇಳಿ, ಆ ಹೆಸರಿರುವ ಚೀಟಿಯ ಫೋಟೊ ತೆಗೆದುಕೊಳ್ಳಿ. ಆಮೇಲೆ ಅಲ್ಲಿ ಹಣ ಕೊಡಲು ಬಳಸುವ ಅಲಿಪೇ, ವೀಚಾಟ್ ಆ್ಯಪ್‌ಗಳು, ಇಂಟರ್ನ್‌ಶಿಪ್ ಸ್ಟೈಪೆಂಡ್ ಫಾರಂ ಎಲ್ಲದರಲ್ಲೂ ಅದೇ ಕ್ರಮ, ಅದೇ ಸ್ಪೇಸ್ ಇರಲಿ. ಅಲ್ಲಿ ಹೆಸರು ತಾಳೆ ನೋಡುವುದು ಕಂಪ್ಯೂಟರ್. ಅದಕ್ಕೆ ‘ಮಂಜುನಾಥ ಕೆ’ ಬೇರೆ ಮನುಷ್ಯ, ‘ಕೆ ಮಂಜುನಾಥ’ ಬೇರೆ ಮನುಷ್ಯ. ನಮ್ಮ ಕಡೆಯವರಿಗೆ ಈ ಕಾಟ ಜಾಸ್ತಿ. ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ ಇರುತ್ತದೆ, ಇಲ್ಲಾ ಅಪ್ಪನ ಹೆಸರು ಕೂತಿರುತ್ತದೆ, ಅಲ್ವಾ? ಬ್ಯಾಂಕಿಗೆ ಕೊಟ್ಟ ಫೋನ್ ನಂಬರನ್ನೂ ಬದಲಿಸಬೇಡಿ, ಒಟಿಪಿ ಅದಕ್ಕೇ ಬರುವುದು. ಬ್ಯಾಂಕಿನವರೇ ಸ್ಪೆಲಿಂಗ್ ತಪ್ಪು ಹಾಕಿದ್ದರೆ ಮಾತ್ರ ಈ ಉಪಾಯ ನಡೆಯಲ್ಲ, ಪಾಸ್‌ಪೋರ್ಟ್ ಹಿಡಿದು ಹೋಗಿ ತಿದ್ದಿಸಲೇಬೇಕು. ಹೊಸ ಪಾಸ್‌ಪೋರ್ಟ್ ಮಾಡಿಸಿದರೂ ಅಷ್ಟೇ, ನಂಬರ್ ಬದಲಾಗುವುದರಿಂದ ಎಲ್ಲ ಕಡೆ ಮತ್ತೆ ಹಾಕಿಸಬೇಕು. ಇನ್ನೊಂದು, ಕ್ಯಾಂಪಸ್ ಹೊರಗಿನ ಇಂಟರ್ನ್‌ಶಿಪ್‌ಗೆ ವಿಶ್ವವಿದ್ಯಾಲಯದ ಒಪ್ಪಿಗೆ ಪತ್ರ ತೆಗೆದುಕೊಂಡು ರೆಸಿಡೆನ್ಸ್ ಪರ್ಮಿಟ್ (ಚೀನಾದಲ್ಲಿ ಉಳಿಯಲು ಕೊಡುವ ಪರವಾನಗಿ) ಮೇಲೆ ಅದನ್ನು ನಮೂದು ಮಾಡಿಸಿ. ಅದಿಲ್ಲದೆ ಸುಮ್ನೆ ಕೆಲಸಕ್ಕೆ ಸೇರಬೇಡಿ.