ಮೈಲೇಜ್ ಹೆಚ್ಚಿಸುವ ಡಬ್ಬಿಯ ಷೇರು: ಕೊಳ್ಳುವ ಮುಂಚೆ ಏನೇನು ನೋಡಬೇಕು

"ಇಂಜಿನ್‌ಗೆ ಒಂದು ಸಣ್ಣ ಡಬ್ಬಿ ಸಿಕ್ಕಿಸಿದರೆ ಸಾಕು, ನೂರಕ್ಕೆ 20ರಷ್ಟು ಪೆಟ್ರೋಲು ಉಳಿಯುತ್ತೆ. ಷೇರು ಇನ್ನೂ ಚಿಲ್ಲರೆ ಕಾಸಿಗೆ ಸಿಗ್ತಿದೆ, ಬೇಗ ತಗೋ." ಇಂಥ ಮೆಸೇಜು ನಿಮಗೂ ಬಂದಿರಬಹುದು. ಬಂದಿಲ್ಲ ಅಂದರೆ ಪೆಟ್ರೋಲ್ ರೇಟು ಇನ್ನೊಂದು ಸಲ ಏರಲಿ, ಬರುತ್ತದೆ. ಅಂಥ ಷೇರಿನ ಸುತ್ತ ಯಾವಾಗಲೂ ಎರಡು ಪಾಳಯ. ಒಬ್ಬರಿಗೆ ಅದು ಶುದ್ಧ ಮೋಸ, ಇನ್ನೊಬ್ಬರಿಗೆ ಎಣ್ಣೆ ಕಂಪನಿಗಳು ತುಳಿದಿಟ್ಟಿರುವ ಮಹಾ ಆವಿಷ್ಕಾರ. ವರ್ಷಗಟ್ಟಲೆ ಕಿತ್ತಾಡುತ್ತಾರೆ, ಯಾರೂ ಸೋಲುವುದಿಲ್ಲ.

ನೀವು ಈ ಜಗಳಕ್ಕೆ ಇಳಿಯುವ ಮುಂಚೆ ಅದನ್ನು ಎರಡು ಹೋಳು ಮಾಡಿಕೊಳ್ಳಿ. ಡಬ್ಬಿ ಕೆಲಸ ಮಾಡುತ್ತದಾ? ಇದು ಒಂದು. ಕೆಲಸ ಮಾಡಿದರೂ ಷೇರು ಇಟ್ಟುಕೊಂಡ ನನಗೆ ಏನಾದರೂ ಸಿಗುತ್ತದಾ? ಇದು ಇನ್ನೊಂದು. ಜನ ಮೊದಲನೆಯದಕ್ಕೆ ಗಂಟಲು ಹರಿದುಕೊಳ್ಳುತ್ತಾರೆ. ದುಡ್ಡು ಹೋಗುವುದು ಮಾತ್ರ ಎರಡನೆಯದರಲ್ಲಿ.

ಇದನ್ನು ಕಲಿಯಲು ಅಮೆರಿಕದ ಸೇವ್ ದ ವರ್ಲ್ಡ್ ಏರ್ ಕಂಪನಿಗಿಂತ ಒಳ್ಳೆ ಪಾಠ ನನಗೆ ಸಿಕ್ಕಿಲ್ಲ. (ಹೆಸರು ನೋಡಿ, ಜಗತ್ತಿನ ಗಾಳಿಯನ್ನೇ ಕಾಪಾಡುತ್ತೇವೆ ಅಂತ!) ಇವರ ಮೊದಲ ಸಾಧನ ಝೆಫ್ಸ್, ಇಂಜಿನ್‌ಗೆ ಹೋಗುವ ಇಂಧನದ ಮೇಲೆ ಆಯಸ್ಕಾಂತ ಪ್ರಯೋಗಿಸುವಂಥದ್ದು. 2001ರ ಡಿಸೆಂಬರ್‌ನಲ್ಲಿ ಎಸ್‌ಇಸಿ, ಅಂದರೆ ಷೇರುಪೇಟೆಯ ಮೇಲೆ ಕಣ್ಣಿಡುವ ಅಲ್ಲಿಯ ಸೆಬಿ, ಕಂಪನಿ ಮತ್ತು ಅದರ ಸ್ಥಾಪಕನ ಮೇಲೆ ಕೇಸು ಹಾಕಿತು. ಪತ್ರಿಕಾ ಪ್ರಕಟಣೆ, ವೆಬ್‌ಸೈಟು, ಟಿವಿ ಕಾರ್ಯಕ್ರಮ ಎಲ್ಲ ಬಳಸಿ ಸುಳ್ಳು ಹಬ್ಬಿಸಿ ಷೇರು ಉಬ್ಬಿಸಿದರು ಅನ್ನುವುದು ಆರೋಪ. 2002ರಲ್ಲಿ ಕಂಪನಿ ರಾಜಿ ಮಾಡಿಕೊಂಡಿತು. ಅಲ್ಲಿಗೆ ಕಥೆ ಮುಗಿಯಿತು ಅಂದುಕೊಂಡಿರಾ? ಇಲ್ಲ. ಹೊಸ ಆಡಳಿತ ಬಂತು, ಷೇರು ಓಡಾಡುತ್ತಲೇ ಇತ್ತು, ಜಗಳವೂ ನಡೆಯುತ್ತಲೇ ಇತ್ತು. ಮುಂದಿನದ್ದನ್ನು ಆಮೇಲೆ ಹೇಳುತ್ತೇನೆ.

ಮೊದಲು ಡಬ್ಬಿಯನ್ನೇ ನೋಡೋಣ. ಕೇಳಬೇಕಾದ್ದು ಒಂದೇ: ಉಳಿತಾಯ ಎಲ್ಲಿಂದ ಬರುತ್ತದೆ? "ಇಂಧನ ಪೂರ್ತಿ ಉರಿಯುವ ಹಾಗೆ ಮಾಡುತ್ತೇವೆ" ಅಂದರೆ ಕಿವಿ ನೆಟ್ಟಗಾಗಲಿ. ಸರಿಯಾಗಿರುವ ಇವತ್ತಿನ ಇಂಜಿನ್‌ನಲ್ಲಿ ನೂರಕ್ಕೆ 97-98 ಭಾಗ ಇಂಧನ ಆಗಲೇ ಉರಿದುಹೋಗುತ್ತದೆ. ಉಳಿದದ್ದೇ ಎರಡು ಮೂರು ಭಾಗ, ಅದರಿಂದ 20 ತೆಗೆಯುವುದು ಹೇಗೆ? ಇಂಜಿನ್‌ನಲ್ಲಿ ವ್ಯರ್ಥವಾಗುವುದು ಜಾಸ್ತಿ ಶಾಖದ ರೂಪದಲ್ಲಿ, ಸೈಲೆನ್ಸರ್ ಮತ್ತು ರೇಡಿಯೇಟರ್ ಮೂಲಕ. ಹೈಬ್ರಿಡ್ ಗಾಡಿ ನಿಜವಾಗಿ ಉಳಿಸುತ್ತದೆ, ಯಾಕೆಂದರೆ ಬ್ರೇಕ್ ಹಾಕಿದಾಗ ಹೋಗುವ ಶಕ್ತಿಯನ್ನು ಬ್ಯಾಟರಿಗೆ ತುಂಬಿಕೊಳ್ಳುತ್ತದೆ, ಸಿಗ್ನಲ್‌ನಲ್ಲಿ ಇಂಜಿನ್ ಆರಿಸುತ್ತದೆ. ಅಲ್ಲಿ ಲೆಕ್ಕ ತೋರಿಸಬಹುದು. ಅಮೆರಿಕದ ಪರಿಸರ ಸಂಸ್ಥೆ ಇಪಿಎ ಪೆಟ್ರೋಲು ಉಳಿಸುತ್ತೇವೆ ಅನ್ನುವ ನೂರಕ್ಕೂ ಹೆಚ್ಚು ಸಾಧನಗಳನ್ನು ಪರಿಶೀಲಿಸಿ ನೋಡಿದೆ. ಹೇಳಿಕೊಳ್ಳುವಂಥ ಉಳಿತಾಯ ಸಿಗಲಿಲ್ಲ.

"ಆದರೆ ನಾನೇ ಹಾಕಿಸಿ ನೋಡಿದ್ದೇನೆ, ಮೈಲೇಜ್ ಏರಿದೆ" ಅನ್ನುವವರು ಇದ್ದೇ ಇರುತ್ತಾರೆ. ಅವರು ಸುಳ್ಳು ಹೇಳುತ್ತಿರುವುದಿಲ್ಲ. ನಮ್ಮ ಭಾವ ಸ್ಕೂಟರಿನ ಪೆಟ್ರೋಲ್ ಪೈಪಿಗೆ ಅಂಥದ್ದೇ ಆಯಸ್ಕಾಂತ ಹಾಕಿಸಿಕೊಂಡು ಬಂದರು. ಲೀಟರಿಗೆ 42 ಬರುತ್ತಿದ್ದದ್ದು 47 ಆಯಿತು ಅಂತ ಖುಷಿಯೋ ಖುಷಿ. ನಾನು ಸುಮ್ನೆ ಕೇಳಿದೆ, ಹಾಕಿಸುವಾಗ ಇನ್ನೇನು ಮಾಡಿಸಿದಿರಿ ಭಾವ? ಏರ್ ಫಿಲ್ಟರ್ ಬದಲಾಯಿಸಿದ್ದರು, ಟೈರಿಗೆ ಗಾಳಿ ಹೊಡೆಸಿದ್ದರು. ಜೊತೆಗೆ ಲೆಕ್ಕ ಇಡುತ್ತಿದ್ದೇನಲ್ಲ ಅಂತ ಕೈ ಬಿಗಿಹಿಡಿದು ಆಕ್ಸಿಲರೇಟರ್ ಕೊಡುತ್ತಿದ್ದರು. ನೆಟ್ಟಗೆ ಪರೀಕ್ಷೆ ಮಾಡಬೇಕಾದರೆ ಡಬ್ಬಿ ಹಾಕಿ, ತೆಗೆದು, ಮತ್ತೆ ಹಾಕಿ ನೋಡಬೇಕು. ಅದೂ ಅಳತೆ ಗೊತ್ತಿರುವ ಲ್ಯಾಬಿನಲ್ಲಿ, ಗಾಡಿಯನ್ನು ರೋಲರ್ ಮೇಲೆ ನಿಲ್ಲಿಸಿ. ನಮ್ಮಲ್ಲಿ ಪುಣೆಯ ಎಆರ್‌ಎಐ, ಮಾನೇಸರದ ಐಕ್ಯಾಟ್ ಇಂಥ ಕೆಲಸಕ್ಕೇ ಇವೆ. ಭಾರತದ ಕಂಪನಿಯೊಂದು ಇಂಥ ಮಾತಾಡಿದರೆ ಆ ರಿಪೋರ್ಟು ಪೂರ್ತಿ ಕೊಡಿ ಅನ್ನಿ. "ಪರೀಕ್ಷೆ ಆಗಿದೆ" ಅನ್ನುವ ಒಂದು ಸಾಲಲ್ಲ, ಎಷ್ಟು ಗಾಡಿ, ಎಷ್ಟು ಸಲ, ಯಾರ ದುಡ್ಡಿನಲ್ಲಿ ಅನ್ನುವುದೆಲ್ಲ ಇರುವ ರಿಪೋರ್ಟು.

ಈಗ ಮತ್ತೆ ಅಮೆರಿಕಕ್ಕೆ. ಸೇವ್ ದ ವರ್ಲ್ಡ್ ಏರ್ ಟೆಂಪಲ್ ಯೂನಿವರ್ಸಿಟಿಯಿಂದ ಇನ್ನೊಂದು ತಂತ್ರದ ಲೈಸೆನ್ಸ್ ತಗೊಂಡಿತು. ವಿದ್ಯುತ್ ಕ್ಷೇತ್ರ ಹಾಯಿಸಿ ಇಂಧನವನ್ನು ತೆಳುವಾಗಿಸುವುದು, ಆಗ ಹನಿ ಸಣ್ಣದಾಗಿ ಚೆನ್ನಾಗಿ ಉರಿಯುತ್ತದೆ ಅನ್ನುವುದು ಅದರ ವಾದ. 2008ರಲ್ಲಿ ಯೂನಿವರ್ಸಿಟಿ ಹೇಳಿದ ಪ್ರಕಾರ ಡೀಸೆಲ್ ಮರ್ಸಿಡಿಸ್ ಕಾರೊಂದು ಹೈವೇಯಲ್ಲಿ ಗ್ಯಾಲನ್ನಿಗೆ 32 ಮೈಲಿ ಕೊಡುತ್ತಿದ್ದದ್ದು 38 ಕೊಟ್ಟಿತು. ಇದು ಪೂರ್ತಿ ಪೊಳ್ಳು ಅನ್ನಲಾರೆ. ಪ್ರೊಫೆಸರ್ ಇದ್ದರು, ವಿಜ್ಞಾನ ಪತ್ರಿಕೆಯಲ್ಲಿ ಲೇಖನ ಬಂತು. ಆದರೆ ಅದನ್ನು ನಂಬಿ ಷೇರು ಕೊಂಡವರಿಗೆ ಏನಾಯಿತು? ಕಾರಿಗೆ ಹಾಕುವ ಡಬ್ಬಿ ಪಕ್ಕಕ್ಕೆ ಸರಿಯಿತು, ಅದೇ ತತ್ವ ಕಚ್ಚಾ ಎಣ್ಣೆಯ ಪೈಪ್‌ಲೈನಿಗೆ ಹೋಯಿತು. ಟ್ರಾನ್ಸ್‌ಕೆನಡಾ ಕಂಪನಿ ಕೀಸ್ಟೋನ್ ಪೈಪ್‌ಲೈನಿನಲ್ಲಿ ಬಾಡಿಗೆಗೆ ತಗೊಂಡು ಪರೀಕ್ಷಿಸಿತು, 2014ರಲ್ಲಿ ಬಾಡಿಗೆ ಒಪ್ಪಂದ ಬಿಟ್ಟುಬಿಟ್ಟಿತು. 2015ರಲ್ಲಿ ಸೇವ್ ದ ವರ್ಲ್ಡ್ ಏರ್ ತನ್ನ ಹೆಸರನ್ನೇ ಬದಲಾಯಿಸಿ ಕ್ಯೂಎಸ್ ಎನರ್ಜಿ ಆಯಿತು. ಸ್ಕೂಟರ್ ರಿಪೇರಿಗೆ ಅಂತ ಹೋಗಿ ಬೋರ್‌ವೆಲ್ ಕೊರೆಸಿಕೊಂಡು ಬಂದ ಹಾಗೆ, ಅಲ್ವಾ? ಹೀಗೆ ಸರಕು ಬದಲಾದಾಗಲೆಲ್ಲ ನಂಬಿದವರ ಗಡುವೂ ಮುಂದಕ್ಕೆ ಹೋಗುತ್ತದೆ. ಇದನ್ನು ಗುರುತು ಹಾಕಿಕೊಳ್ಳಿ.

ಇಷ್ಟು ವರ್ಷ ಕಂಪನಿ ಬದುಕಿದ್ದು ಹೇಗೆ? ಉತ್ತರ ವಾರ್ಷಿಕ ವರದಿಯಲ್ಲಿದೆ, ಮತ್ತು ನನ್ನ ಪ್ರಕಾರ ಇಡೀ ಕೆಲಸದಲ್ಲಿ ಇದೇ ಮುಖ್ಯ. ಕ್ಯಾಶ್ ಫ್ಲೋ ಪುಟ ತೆಗೆಯಿರಿ. ಅಲ್ಲಿ ಮೂರು ಭಾಗ ಇರುತ್ತದೆ: ವ್ಯಾಪಾರದಿಂದ, ಹೂಡಿಕೆಯಿಂದ, ಫೈನಾನ್ಸಿಂಗ್‌ನಿಂದ (ಅಂದರೆ ಷೇರು ಮಾರಿ, ಸಾಲ ತಂದು ಎತ್ತಿದ ದುಡ್ಡು). ವ್ಯಾಪಾರದ ಸಾಲು ಪ್ರತಿ ವರ್ಷ ಮೈನಸ್, ಫೈನಾನ್ಸಿಂಗ್ ಸಾಲು ಪ್ರತಿ ವರ್ಷ ಪ್ಲಸ್ ಅಂತಿದ್ದರೆ ಕಂಪನಿ ಮಾರುತ್ತಿರುವುದು ಡಬ್ಬಿಯನ್ನಲ್ಲ, ಷೇರನ್ನು. ಗಿರಾಕಿ ನೀವೇ. ಆಮೇಲೆ ಒಟ್ಟು ಷೇರು ಎಷ್ಟು ಅಂತ ಐದು ವರ್ಷದ ವರದಿ ಪಕ್ಕಪಕ್ಕ ಇಟ್ಟು ನೋಡಿ. 10 ಕೋಟಿ ಇದ್ದದ್ದು 20 ಕೋಟಿ ಆಗಿದ್ದರೆ ನಿಮ್ಮ ಪಾಲು ಅರ್ಧಕ್ಕೆ ಇಳಿಯಿತು, ಡಬ್ಬಿ ಎಷ್ಟೇ ಚೆನ್ನಾಗಿರಲಿ. ವಾರಂಟ್, ಕನ್ವರ್ಟಿಬಲ್ ನೋಟ್, ನಮ್ಮಲ್ಲಾದರೆ ಪ್ರಿಫರೆನ್ಶಿಯಲ್ ಅಲಾಟ್‌ಮೆಂಟ್, ಈ ಪದಗಳನ್ನು ಪಿಡಿಎಫ್‌ನಲ್ಲಿ ಹುಡುಕಿ. ಹೊಸ ಷೇರು ಹುಟ್ಟಿ ನಿಮ್ಮ ಪಾಲು ಕರಗುವುದು ಇವುಗಳಿಂದಲೇ. ಕೊನೆಗೆ "ಗೋಯಿಂಗ್ ಕನ್ಸರ್ನ್" ಹುಡುಕಿ. ಅಲ್ಲಿ ಆಡಿಟರ್ ಅನುಮಾನ ಬರೆದಿದ್ದರೆ, ಕಂಪನಿ ಇನ್ನೊಂದು ವರ್ಷ ನಡೆಯುತ್ತದೋ ಇಲ್ಲವೋ ಅಂತ ಅವರಿಗೇ ಗೊತ್ತಿಲ್ಲ ಅಂತ ಅರ್ಥ. ಕ್ಯೂಎಸ್ ಎನರ್ಜಿ ವರದಿಗಳಲ್ಲಿ ಈ ಸಾಲು ಮಾಮೂಲಿಯಾಗಿತ್ತು.

ದೊಡ್ಡ ಎಕ್ಸ್‌ಚೇಂಜಿನಲ್ಲಿದೆ, ಹಾಗಾಗಿ ಸೇಫ್ ಅಂದುಕೊಳ್ಳಬೇಡಿ. ಎಕ್ಸ್‌ಎಲ್ ಫ್ಲೀಟ್ ವ್ಯಾನು, ಟ್ರಕ್ಕುಗಳಿಗೆ ಹೈಬ್ರಿಡ್ ಕಿಟ್ ಹಾಕುತ್ತಿದ್ದ ಕಂಪನಿ, 2020ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ಎಕ್ಸ್‌ಚೇಂಜಿಗೆ ಬಂತು. ಕಿಟ್ ನಿಜವಾಗಿ ಇತ್ತು, ತಂತ್ರವೂ ಸರಿಯೇ. ಉಬ್ಬಿಸಿ ಹೇಳಿದ್ದು ಮುಂದೆ ಬರಲಿರುವ ಆರ್ಡರುಗಳ ಲೆಕ್ಕ ಅನ್ನುವುದು ಎಸ್‌ಇಸಿ ಆರೋಪ. 2023ರಲ್ಲಿ 1.1 ಕೋಟಿ ಡಾಲರ್ ದಂಡ ಕಟ್ಟಲು ಕಂಪನಿ ಒಪ್ಪಿತು. ಅದಕ್ಕೇ "ಆಸಕ್ತಿ ತೋರಿಸಿದ್ದಾರೆ", "ಒಡಂಬಡಿಕೆ ಆಗಿದೆ" ಅನ್ನುವುದನ್ನೆಲ್ಲ ಸೊನ್ನೆ ಅಂತ ಹಿಡಿಯಿರಿ. ದುಡ್ಡು ಕೊಟ್ಟವರು ಯಾರು, ಎರಡನೇ ಸಲ ಕೊಂಡವರು ಯಾರು, ಅಷ್ಟು ನೋಡಿ.

ಎರಡೂ ಪಾಳಯದ ಮಾತು ಕೇಳಿ, ಆದರೆ ಬೈಗುಳ ಬಿಟ್ಟು ಪುಟ ಸಂಖ್ಯೆ ಕೊಡುವವರನ್ನು ಮಾತ್ರ. ನಂಬಿರುವವರಿಗೆ ಒಂದು ಪ್ರಶ್ನೆ ಹಾಕಿ: ಏನಾದರೆ ನೀವು ಮಾರುತ್ತೀರಿ, ಯಾವ ತಾರೀಖಿನೊಳಗೆ? ಉತ್ತರ ಬರದಿದ್ದರೆ ಅವರು ಹೂಡಿಕೆ ಮಾಡಿಲ್ಲ, ಹರಕೆ ಹೊತ್ತಿದ್ದಾರೆ.

ಇಷ್ಟೆಲ್ಲ ನೋಡಿಯೂ ಆಸೆ ಹೋಗಲಿಲ್ಲ ಅಂದರೆ, ಪೂರ್ತಿ ಹೋದರೂ ಮನೆಯಲ್ಲಿ ಯಾರಿಗೂ ಹೇಳಬೇಕಾಗದಷ್ಟು ಸಣ್ಣ ಮೊತ್ತ ಹಾಕಿ. ನಿಮ್ಮ ಗಡುವನ್ನೂ ಡೈರಿಯಲ್ಲಿ ಬರೆದಿಡಿ. ಕೊಳ್ಳುವ ಮುಂಚೆ ದಿನಕ್ಕೆ ಎಷ್ಟು ಷೇರು ಕೈ ಬದಲಾಗುತ್ತಿದೆ ಅಂತಲೂ ನೋಡಿ. ಇಂಥ ಷೇರು ಕೊಳ್ಳಲು ಎರಡು ನಿಮಿಷ ಸಾಕು, ಮಾರಲು ಹೋದಾಗ ಆ ಕಡೆ ಕೊಳ್ಳುವವರೇ ಇರುವುದಿಲ್ಲ.